ತೆಂಗಿಲ್ಲದ ಚಟ್ನಿ

ಉಡುಪಿ ಕಡೆ ಹುಟ್ಟಿ, ಹೋಟೆಲಿನಲ್ಲೇ ಬೆಳೆದು, ಐವತ್ತೈದರ ವಯಸ್ಸಿನಲ್ಲಿ ತೆಂಗಿನಕಾಯಿಯನ್ನು ಶತ್ರು ಎಂದು ಸಾರಿದ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ. ಅಂಥವರು ಇನ್ನೊಬ್ಬರು ಎಲ್ಲಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಡಿ. ಈ ಒಬ್ಬರನ್ನು ಸಹಿಸಿಯೇ ನನ್ನ ತಲೆಗೂದಲು ಇಪ್ಪತ್ತಾರಕ್ಕೆ ಉದುರತೊಡಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಮಾವನ ಮನೆ ಡೊಂಬಿವಲಿಯಲ್ಲಿ, ಹೋಟೆಲು ಲೋಕಲ್ ರೈಲಿನಲ್ಲಿ ನಾಲ್ಕು ಸ್ಟೇಶನ್ ಆಚೆ, ಕಳವಾ ಎಂಬಲ್ಲಿ. ಬಿ.ಕಾಂ. ಮುಗಿಸಿ ಕೆಲಸ ಹುಡುಕಿಕೊಂಡು ಬಂದ ನನ್ನನ್ನು ಮಾವ "ಎಲ್ಲಾದರೂ ಸಿಗುವವರೆಗೆ ಇಲ್ಲಿ ಕೂತುಕೋ" ಎಂದು ಗಲ್ಲಾದಲ್ಲಿ ಕೂರಿಸಿದ್ದರು. ಮೂರು ವರ್ಷವಾದರೂ ಅವರ ಆ "ವರೆಗೆ" ಮುಗಿದಿರಲಿಲ್ಲ. ಎಂಟು ಟೇಬಲಿನ ಹೋಟೆಲು. ಬೆಳಿಗ್ಗೆ ಆಫೀಸಿಗೆ ಹೋಗುವ ನಮ್ಮೂರಿನವರು, ರೈಲ್ವೆ ಕಾರ್‌ಶೆಡ್ಡಿನವರು, ಗೋದಾಮಿನ ಹಮಾಲರು, ಎಲ್ಲರೂ ಅಲ್ಲಿಗೇ. ಇಡ್ಲಿ ಬಿಸಿ, ಸಾಂಬಾರು ಬಿಸಿ, ಗಲ್ಲಾದಲ್ಲಿ ಕೂತ ನಾನು ಅವೆರಡಕ್ಕಿಂತ ಬಿಸಿ.

ನನ್ನ ಸಿಟ್ಟಿಗೆ ಆಗ ಮುಖ್ಯ ಗುರಿ ಮಾವ ಅಲ್ಲ, ಕೈ ತೊಳೆಯುವ ನಲ್ಲಿಯ ಪಕ್ಕದ ಮೂಲೆ ಟೇಬಲಿನ ಗಿರಾಕಿ. ರಾಯಚೂರು ಕಡೆಯವನು, ಗೋದಾಮಿನಲ್ಲಿ ಗೋಣಿ ಹೊರುವವನು, ತಲೆಗೆ ಸದಾ ಒಂದು ಕೆಂಪು ಟವೆಲು. ದಿನವೂ ಒಂದು ಪ್ಲೇಟ್ ಇಡ್ಲಿ, ಅಂದರೆ ಎರಡೇ ಎರಡು. ಚಟ್ನಿ ಮಾತ್ರ ಐದು ಸಲ! ಇಡ್ಲಿ ಮುಗಿದ ಮೇಲೂ ಕೈ ಎತ್ತಿ "ಚಟ್ನಿ ಹಾಕ್ರಿ" ಅನ್ನುತ್ತಿದ್ದ. ಇಡ್ಲಿಯೇ ಇಲ್ಲದ ತಟ್ಟೆಗೆ ಚಟ್ನಿ ಯಾಕೆ? ಬಿ.ಕಾಂ. ಓದಿದವನಿಗೆ ಇದು ಕಾಣದೆ ಇರುತ್ತದೆಯೇ? ಒಂದು ದಿನ ಮಾವನಿಗೆ ಹೇಳಿಯೇಬಿಟ್ಟೆ.

"ಮಾವ, ಒಂದು ಬೋರ್ಡ್ ಹಾಕುವ. ಎರಡನೇ ಚಟ್ನಿಗೆ ಚಾರ್ಜು ಅಂತ. ಆ ಮೂಲೆಯವನು ಇಡ್ಲಿ ತಿನ್ನಲಿಕ್ಕೆ ಬರುದಲ್ಲ, ಚಟ್ನಿ ಕುಡಿಲಿಕ್ಕೆ ಬರುದು."

ಮಾವ ನನ್ನನ್ನು ನೋಡಿದರು. ಮೂಲೆಯ ಟೇಬಲನ್ನು ನೋಡಿದರು. "ನೋಡುವ ಮಾರಾಯ" ಅಂದರು. ನಮ್ಮ ಮಾವ "ನೋಡುವ" ಅಂದರೆ ಆಗುವುದಿಲ್ಲ ಎಂದೇ ಅರ್ಥ. ಬೋರ್ಡು ಬರಲಿಲ್ಲ. ಮುಂದಿನ ವಾರ ಹುಚ್ಚು ಬಂತು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಅಡುಗೆಮನೆಗೆ ಇಣುಕುತ್ತೇನೆ, ಮಾವ ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಸೋರೆಕಾಯಿ ಹೆಚ್ಚುತ್ತಿದ್ದಾರೆ. ಸುತ್ತ ಕ್ಯಾರೆಟ್ಟು, ಬೀಟ್‌ರೂಟು, ಒಂದು ಮೊರ ನೆಲಕಡಲೆ. ಬಾಗಿಲಲ್ಲಿ ಅತ್ತೆ ಕೈಕಟ್ಟಿ ನಿಂತಿದ್ದಾರೆ.

"ಇವತ್ತಿನಿಂದ ಹೋಟೆಲಿನಲ್ಲಿ ತೆಂಗಿನ ಚಟ್ನಿ ಬಂದ್" ಎಂದು ಮಾವ ಘೋಷಿಸಿದರು. "ತೆಂಗಿನಕಾಯಿಯಲ್ಲಿ ಕೊಲೆಸ್ಟರಾಲ್ ಉಂಟು. ಹಾರ್ಟಿಗೆ ಆಗುದಿಲ್ಲ."

"ಮೂವತ್ತು ವರ್ಷದಿಂದ ನಿಮ್ಮೊಟ್ಟಿಗೆ ಇದ್ದೇನೆ" ಎಂದರು ಅತ್ತೆ. "ನಿಮಗೆ ಹಾರ್ಟ್ ಉಂಟು ಅಂತ ಇವತ್ತೇ ಗೊತ್ತಾದದ್ದು."

(ನಮ್ಮ ಮನೆಯಲ್ಲಿ ಆಡುವುದು ತುಳು. ಬೈಗುಳವೂ ತುಳುವಿನಲ್ಲೇ. ಇಲ್ಲಿ ಕನ್ನಡಕ್ಕೆ ಇಳಿಸುವಾಗ ಖಾರ ಅರ್ಧ ಹೋಗಿದೆ, ಉಳಿದರ್ಧವನ್ನು ನೀವೇ ಸೇರಿಸಿಕೊಳ್ಳಿ.)

ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ನನ್ನ ಜನ್ಮದಲ್ಲಿ ಇನ್ನು ಅದು ಮರೆಯುವ ಹಾಗಿಲ್ಲ. ಸೋರೆಕಾಯಿಯ ಸಿಪ್ಪೆ ತೆಗೆಯುವಂತಿಲ್ಲ, ಸತ್ವವೆಲ್ಲ ಅದರಲ್ಲೇ ಇದೆಯಂತೆ. ನಾಲ್ಕು ಹನಿ ಎಣ್ಣೆಯಲ್ಲಿ ತರಕಾರಿಯನ್ನು ನೀರು ಆರುವವರೆಗೆ ಬಾಡಿಸಬೇಕು. ನೆಲಕಡಲೆಯನ್ನು ಸಣ್ಣ ಉರಿಯಲ್ಲಿ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಬೇಕು. ಕೇರಿದ ಸಿಪ್ಪೆ ಹಾರಿ ಅತ್ತೆಯ ದೇವರ ಗೂಡಿನ ಮೇಲೆ ಕೂರಬೇಕು, ಅತ್ತೆ ಕೂಗಬೇಕು. ಆಮೇಲೆ ಹುರಿದ ಒಣಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ, ಉಪ್ಪು ಸೇರಿಸಿ ಗ್ರೈಂಡರಿನಲ್ಲಿ ಗಟ್ಟಿಯಾಗಿ ರುಬ್ಬಬೇಕು. ನೀರು ಮುಟ್ಟಿಸಿದರೆ ಮಾವ ಕೈಗೆ ಹೊಡೆಯುತ್ತಿದ್ದರು. ಕೊನೆಗೆ ಸಾಸಿವೆ, ಕರಿಬೇವಿನ ಒಗ್ಗರಣೆ. ಮೊದಲ ದಿನ ಬೀಟ್‌ರೂಟ್ ಹೆಚ್ಚಾಗಿ ಬಣ್ಣ ಹೇಗೆ ಬಂತೆಂದರೆ, ಎದುರು ಮನೆಯ ಮರಾಠಿ ಹೆಂಗಸು ಬಂದು ನೋಡಿ "ಹಲವಾ ಕೇಲಾ ಕಾ?", ಹಲ್ವ ಮಾಡಿದಿರಾ ಎಂದು ಒಂದು ಚಮಚ ಬಾಯಿಗೆ ಹಾಕಿಕೊಂಡರು. ಒಣಮೆಣಸಿನ ಹಲ್ವ ತಿಂದವರ ಮುಖ ಹೇಗಾಗುತ್ತದೆ ಎಂದು ನಾನು ಅವತ್ತೇ ನೋಡಿದ್ದು. ಆಮೇಲೆ ಒಂದು ತಿಂಗಳು ಅವರು ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ.

ಇದನ್ನು ಹೋಟೆಲಿನಲ್ಲೇ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹೋಟೆಲಿನ ಅಡುಗೆಯ ಭಟ್ಟರು ಸಟ್ಟುಗ ಕೆಳಗಿಟ್ಟು ಮಾವನಿಗೆ ಒಂದೇ ಮಾತು ಹೇಳಿದ್ದರಂತೆ. "ಅಣ್ಣ, ತೆಂಗು ಹಾಕದ ಚಟ್ನಿಗೆ ನನ್ನ ಕೈ ಹೋಗುದಿಲ್ಲ. ಬೇಕಾದರೆ ನನ್ನ ಲೆಕ್ಕ ಮಾಡಿ ಕಳಿಸಿ." ಭಟ್ಟರನ್ನು ಕಳಿಸಿದರೆ ಇಡ್ಲಿಯೂ ಹೋದ ಹಾಗೆ. ಆದ್ದರಿಂದ ಚಟ್ನಿ ಮನೆಯಲ್ಲಿ ತಯಾರಾಗುವುದು, ಹೋಟೆಲಿಗೆ ರೈಲಿನಲ್ಲಿ ಹೋಗುವುದು ಎಂದು ತೀರ್ಮಾನವಾಯಿತು. ಹೊತ್ತುಕೊಂಡು ಹೋಗುವುದು ಯಾರು? ಗಾಣಕ್ಕೆ ಕಟ್ಟಲು ಎತ್ತು ಮನೆಯಲ್ಲೇ ಇತ್ತಲ್ಲ.

ಡೊಂಬಿವಲಿಯಲ್ಲಿ ಬೆಳಗಿನ ಸ್ಲೋ ಲೋಕಲ್ ಹತ್ತಿದವರಿಗೆ ಮಾತ್ರ ನನ್ನ ಕಷ್ಟ ಅರ್ಥವಾದೀತು. ಬರಿಗೈಯಲ್ಲಿ ಹತ್ತುವುದೇ ಪುಣ್ಯ, ನನ್ನ ಕೈಯಲ್ಲಿ ಹತ್ತು ಕಿಲೋ ಚಟ್ನಿಯ ಸ್ಟೀಲ್ ಡಬ್ಬ! ಸಾಮಾನಿನ ಬೋಗಿಗೆ ಹತ್ತಬೇಕಿತ್ತು, ನನ್ನ ಬಿ.ಕಾಂ. ಬಿಡಲಿಲ್ಲ. ಮೂರನೇ ದಿನ ಮುಂಬ್ರಾದ ಹತ್ತಿರ ಗಾಡಿ ಜಗ್ಗಿತು, ಮುಚ್ಚಳ ಸರಿಯಿತು, ಮುಂದೆ ನಿಂತಿದ್ದವನ ಬಿಳಿ ಅಂಗಿಯ ಬೆನ್ನೆಲ್ಲ ಕೆಂಪಾಯಿತು. ಯಾರೋ "ಅರೇ ಖೂನ್!" ಎಂದು ಕಿರುಚಿದರು. ಒಬ್ಬ ಅವನನ್ನು ಹಿಡಿದುಕೊಂಡ, ಇನ್ನೊಬ್ಬ ಕೆಂಪು ಕೈಯ ನನ್ನ ಕಾಲರ್ ಹಿಡಿದ. ಅಷ್ಟರಲ್ಲಿ ಒಬ್ಬ ಹಿರಿಯರು ಆ ಬೆನ್ನಿಗೆ ಬೆರಳಿಟ್ಟು, ಬೆರಳನ್ನು ನೆಕ್ಕಿ, "ಖೂನ್ ನಹೀ ಹೈ, ತೀಖಾ ಹೈ", ರಕ್ತವಲ್ಲ, ಖಾರ ಎಂದು ತೀರ್ಪು ಕೊಟ್ಟರು. ಪ್ರಾಣ ಉಳಿಯಿತು. ಹೆಸರು ಹೋಯಿತು. ಅಂದಿನಿಂದ ಆ ಬೋಗಿಗೆ ನಾನು "ಚಟ್ನಿವಾಲಾ".

ಹರಿದ ಕಾಲರಿನೊಂದಿಗೆ ಮಾವನ ಮುಂದೆ ನಿಂತೆ. ಅವರು ಮೊದಲು ಡಬ್ಬದೊಳಗೆ ಇಣುಕಿ ಎಷ್ಟು ಚೆಲ್ಲಿದೆ ಎಂದು ನೋಡಿದರು. ಆಮೇಲೆ ನನ್ನ ಕಾಲರ್ ನೋಡಿದರು. "ನಾಳೆಯಿಂದ ಬೀಟ್‌ರೂಟ್ ಬೇಡ" ಅಂದರು.

ಇನ್ನು ಗಿರಾಕಿಗಳ ಪಾಡು. ಪೋಸ್ಟ್ ಆಫೀಸಿನ ರಾಯರು ಹನ್ನೊಂದು ವರ್ಷದಿಂದ ನಮ್ಮಲ್ಲೇ ತಿಂಡಿ ತಿನ್ನುವವರು. ಇಡ್ಲಿಯನ್ನು ಅದ್ದಿ, ಬಾಯಿಗಿಟ್ಟು, ಮಾವನನ್ನು ಕರೆದು ಕೇಳಿದರು, "ಇದು ಚಟ್ನಿಯೋ, ನಿನ್ನೆಯ ಪಲ್ಯವೋ?"

"ಹಾರ್ಟಿಗೆ ಒಳ್ಳೆಯದು ರಾಯರೇ. ತರಕಾರಿ ಉಂಟು, ನೆಲಕಡಲೆ ಉಂಟು..."

"ನನ್ನ ಹಾರ್ಟ್ ನಾನು ನೋಡಿಕೊಳ್ತೇನೆ. ನೀವು ಇಡ್ಲಿ ನೋಡಿಕೊಳ್ಳಿ."

ರಾಯರು ಮರುದಿನದಿಂದ ಎದುರಿನ ಹೋಟೆಲಿಗೆ ಹೋಗತೊಡಗಿದರು. ಅವರ ಹಿಂದೆ ಇನ್ನೂ ನಾಲ್ವರು. ಮಾವ ಜಗ್ಗಲಿಲ್ಲ. ಟೇಬಲಿನಿಂದ ಟೇಬಲಿಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಕೊಲೆಸ್ಟರಾಲಿನ ಉಪದೇಶ. ಜನ ನಗುತ್ತಿದ್ದರು. ನನಗೆ ಗಲ್ಲಾದ ಕೆಳಗೆ ಹೊಕ್ಕು ಕೂರುವಂತಾಗುತ್ತಿತ್ತು. ಹೊರೆ ಹೊರುವ ಆ ಮೂಲೆಯವನೊಬ್ಬನಿಗೆ ಮಾತ್ರ ಮಾವ ಉಪದೇಶ ಮಾಡುತ್ತಿರಲಿಲ್ಲ. ಅವನೂ ಐದು ಸಲ ಕೇಳುತ್ತಿದ್ದವನು ಎರಡಕ್ಕೆ ಇಳಿದಿದ್ದ. ನೋಡಿ, ಅವನಿಗೂ ಈ ಚಟ್ನಿ ರುಚಿಸಲಿಲ್ಲ ಎಂದು ನಾನು ಭಟ್ಟರಿಗೆ ಹೇಳಿದೆ. ಭಟ್ಟರು ಖುಷಿಯಿಂದ ತಲೆಯಾಡಿಸಿದರು.

ಇಷ್ಟನ್ನೂ ಸಹಿಸಬಹುದಿತ್ತು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು, ನೀರು ಕುಡಿಯಲು ಒಳಗೆ ಹೋದೆ. ಅಕ್ಕಿಮೂಟೆಗಳ ಮರೆಯಲ್ಲಿ ಮಾವ ಸ್ಟೂಲಿನ ಮೇಲೆ ಕೂತಿದ್ದಾರೆ. ಮುಂದೆ ಬಿಸಿ ನೀರುದೋಸೆ. ಪಕ್ಕದಲ್ಲಿ ಭಟ್ಟರು ಗುಟ್ಟಾಗಿ ರುಬ್ಬಿಕೊಟ್ಟ ಅಚ್ಚ ಬಿಳಿ ತೆಂಗಿನ ಚಟ್ನಿ! ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಾರೆ.

"ಮಾವ, ಕೊಲೆಸ್ಟರಾಲ್?"

ಅವರು ಕಣ್ಣು ತೆರೆದರು. ಅಗಿಯುವುದನ್ನು ನಿಲ್ಲಿಸಲಿಲ್ಲ. "ಟೆಸ್ಟ್ ಮಾಡ್ತಾ ಇದ್ದೆ" ಅಂದರು.

ನನ್ನ ಮೈ ಉರಿದುಹೋಯಿತು. ಊರಿಗೆಲ್ಲ ಉಪದೇಶ, ಇವರಿಗೆ ನೀರುದೋಸೆ! ನನ್ನ ಕಾಲರ್ ಹರಿಸಿದ ಚಟ್ನಿಯನ್ನು ಇವರೇ ತಿನ್ನುವುದಿಲ್ಲ! ಅವತ್ತು ರೈಲಿನಲ್ಲಿ ಮನೆಯವರೆಗೂ ಹಲ್ಲು ಕಚ್ಚಿಕೊಂಡೇ ಬಂದೆ. ಈ ಹುಚ್ಚಿಗೆ ನಾನೇ ಮದ್ದು ಮಾಡಬೇಕೆಂದು ನಿಶ್ಚಯಿಸಿದೆ.

ಮರುದಿನ ಬೆಳಿಗ್ಗೆ ಡಬ್ಬವನ್ನು ಬೋಗಿಯ ಮೇಲಿನ ರ‍್ಯಾಕಿನಲ್ಲಿ ಒಳಗೆ ತಳ್ಳಿ ಇಟ್ಟೆ. ಕಳವಾದಲ್ಲಿ ಬರಿಗೈಯಲ್ಲಿ ಇಳಿದೆ. ಹಿಂದಿನಿಂದ ಯಾರೋ "ಓ ಚಟ್ನಿವಾಲೇ, ತುಮ್ಹಾರಾ ಡಬ್ಬಾ!" ಎಂದು ಕೂಗಿದರು. ನೋಡಿದರೆ ಅವನೇ, ಬಿಳಿ ಅಂಗಿಯವನು. ಕೇಳದವನ ಹಾಗೆ ನಡೆದುಬಿಟ್ಟೆ. ಗಾಡಿ ಠಾಣೆಯ ಕಡೆಗೆ ಹೋಯಿತು, ಚಟ್ನಿ ಕೊನೆಯ ಸ್ಟೇಶನ್ ವಿ.ಟಿ.ಗೆ ಹೋಯಿತು.

ಹೋಟೆಲಿಗೆ ಬಂದು, ಗರ್ದಿಯಲ್ಲಿ ಡಬ್ಬ ಮರೆತುಹೋಯಿತು ಎಂದೆ. ಬೈಗುಳಕ್ಕೆ ಸಿದ್ಧನಾಗಿದ್ದೆ, ತಿರುಗಿ ಬೈಯಲು ಇನ್ನೂ ಸಿದ್ಧನಾಗಿದ್ದೆ. ಮಾವ ಬೈಯಲಿಲ್ಲ. ಮೂಲೆಯ ಟೇಬಲಿನ ಕಡೆಗೆ ನೋಡಿದರು. "ಹಾಗಾದರೆ ಇವತ್ತು ಅವನಿಗೆ ಎಂತ?" ಅಂದರು.

"ಯಾರಿಗೆ?"

ಮಾವ ತಿರುಗಿ ಗ್ಲಾಸು ಜೋಡಿಸತೊಡಗಿದರು. ಭಟ್ಟರು ಹಬ್ಬ ಬಂದವರ ಹಾಗೆ ತೆಂಗಿನ ಚಟ್ನಿಗೆ ಇಳಿದಿದ್ದರು. ಹೋಟೆಲಿನ ತೆಂಗಿನ ಚಟ್ನಿ ನಿಮಗೆ ಗೊತ್ತಲ್ಲ? ಹೆಸರಿಗೆ ತೆಂಗು, ಉಳಿದದ್ದು ಹುರಿಗಡಲೆ ಮತ್ತು ನಲ್ಲಿನೀರು. ಸ್ವಲ್ಪ ಹೊತ್ತಿಗೆ ಕೆಂಪು ಟವೆಲಿನವನು ಬಂದ. ಎರಡು ಇಡ್ಲಿ ತಿಂದ. ಚಟ್ನಿ ಹಾಕಿಸಿಕೊಂಡ. ಇನ್ನೊಮ್ಮೆ ಹಾಕಿಸಿಕೊಂಡ. ಮತ್ತೊಮ್ಮೆ. ನಾಲ್ಕನೇ ಸಲಕ್ಕೆ ಕೈ ಅರ್ಧ ಎತ್ತಿದವನು ಗಲ್ಲಾದಲ್ಲಿದ್ದ ನನ್ನ ಮುಖ ನೋಡಿದ. ಕೈ ಇಳಿಸಿದ. ತಟ್ಟೆಯನ್ನು ಬೆರಳಲ್ಲಿ ಒರೆಸಿ, ಎರಡು ಗ್ಲಾಸು ನೀರು ಕುಡಿದು, ಎದ್ದು ಹೋದ.

ಅವನು ಹೊಸಿಲು ದಾಟಿದ ಮೇಲೆ ಮಾವ ನನ್ನ ಪಕ್ಕ ಬಂದು ನಿಂತರು. ಧ್ವನಿ ತಗ್ಗಿಸಿ ಮಾತಾಡಿದರು.

"ಅವನಿಗೆ ಬೆಳಿಗ್ಗೆ ಅಷ್ಟೇ ಮಾರಾಯ. ಮತ್ತೆ ತಿನ್ನುದು ರಾತ್ರಿಗೆ. ಉಳಿದ ದುಡ್ಡು ಊರಿಗೆ ಕಳಿಸ್ತಾನೆ. ನೀರು ಚಟ್ನಿ ಐದು ಸಲ ಕುಡಿದು ಗೋಣಿ ಹೊರುದು ಹೇಗೆ?"

"ಹಾಗಾದರೆ ಎರಡು ಇಡ್ಲಿ ಹೆಚ್ಚು ಕೊಡಬಹುದಿತ್ತಲ್ಲ?"

"ಕೊಟ್ಟೆ. ಒಮ್ಮೆ ಒಂದು ಹೆಚ್ಚು ಇಡಿಸಿದೆ. ಅದನ್ನು ಹಾಗೇ ಬಿಟ್ಟು ಹೋದ. ನಾಲ್ಕು ದಿನ ಈ ಕಡೆ ಬರಲಿಲ್ಲ." ಮಾವ ಹೆಗಲ ಮೇಲಿನ ಬೈರಾಸಿನಿಂದ ಟೇಬಲ್ ಒರೆಸತೊಡಗಿದರು. "ಚಟ್ನಿಯಾದರೆ ಎಲ್ಲರೂ ಕೇಳ್ತಾರೆ. ರಾಯರೂ ಕೇಳ್ತಾರೆ, ಅವನೂ ಕೇಳ್ತಾನೆ. ಹಾಗೆ ತರಕಾರಿ, ನೆಲಕಡಲೆ ಎಲ್ಲ ಅದಕ್ಕೇ ಹಾಕಿದೆ."

"ನನಗೆ ಹೇಳಬಹುದಿತ್ತು."

"ನೀನು ಬೋರ್ಡ್ ಹಾಕುವ ಅಂದಿಯಲ್ಲ" ಎಂದರು ಮಾವ. ಸಿಟ್ಟಿನಿಂದಲ್ಲ, ಸುಮ್ಮನೆ. "ಮತ್ತೆ ನಿನಗೆ ಹೇಳಿದರೆ ಭಟ್ಟರಿಗೆ ಹೇಳ್ತಿ. ಭಟ್ಟರು ಇಡೀ ಕಳವಾಕ್ಕೆ ಹೇಳ್ತಾರೆ. ಅವನ ಕಿವಿಗೆ ಬಿದ್ದರೆ ಬರ್ತಾನಾ? ನನ್ನನ್ನು ಹುಚ್ಚ ಅಂದರೆ ನನಗೆ ಎಂತ ನಷ್ಟ?"

ಆ ಕೆಂಪು ಟವೆಲಿನವನು ನನ್ನ ಮುಖ ನೋಡಿ ಕೈ ಇಳಿಸಿದ್ದೇ ಕಣ್ಣ ಮುಂದೆ ಬರುತ್ತಿತ್ತು. ನನ್ನ ಮುಖ ಅಷ್ಟು ಕೆಟ್ಟದಾಗಿತ್ತೇ? ಮೂರು ವರ್ಷ ಆ ಮುಖವನ್ನೇ ಗಲ್ಲಾದಲ್ಲಿ ಇಟ್ಟುಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಮಾವನ ಮೇಲೆ ಇನ್ನೂ ಸಿಟ್ಟು ಬಂತು. ಇಂಥ ಮನುಷ್ಯರ ಮೇಲೆ ಸಿಟ್ಟು ಮಾಡಿಕೊಂಡವನಿಗೆ ಕೊನೆಗೆ ತನ್ನ ಕಪಾಳಕ್ಕೇ ಹೊಡೆದುಕೊಳ್ಳಬೇಕಾಗುತ್ತದೆ.

ಮರುದಿನ ಮಾವ ಏಳುವ ಮೊದಲೇ ಎದ್ದೆ. ಸೋರೆಕಾಯಿ ಹೆಚ್ಚಿದೆ, ನೆಲಕಡಲೆ ಹುರಿದೆ, ಬೆರಳು ಸುಟ್ಟುಕೊಂಡೆ. ಅತ್ತೆ ಎದ್ದು ಬಂದು, ನನ್ನನ್ನು ನೋಡಿ, ದೇವರ ಗೂಡಿಗೆ ಒಂದು ಬಟ್ಟೆ ಹೊದಿಸಿ ಹೋದರು. ಡಬ್ಬ ಇರಲಿಲ್ಲ, ಅತ್ತೆಯ ಹಿತ್ತಾಳೆಯ ಡಬರಿಯಲ್ಲಿ ತುಂಬಿಕೊಂಡೆ. ಬಿ.ಕಾಂ. ಅನ್ನು ಡೊಂಬಿವಲಿಯಲ್ಲೇ ಬಿಟ್ಟು ಸಾಮಾನಿನ ಬೋಗಿಗೆ ಹತ್ತಿದೆ.

ಕೆಂಪು ಟವೆಲಿನವನು ಬಂದು ಮೂಲೆಯಲ್ಲಿ ಕೂತ. ನಾನು ಗಲ್ಲಾ ಬಿಟ್ಟೆ, ಚಟ್ನಿಯ ಪಾತ್ರೆ ಹಿಡಿದು ನಾನೇ ಹೋದೆ. ಅವನು ಕೈ ಎತ್ತುವ ಮೊದಲೇ ದೊಡ್ಡ ಸೌಟಿನಲ್ಲಿ ಎರಡು ಸಲ ಬಡಿಸಿದೆ. ಅವನು ಒಂದು ತುತ್ತು ತಿಂದ, ಅಗಿದ, ನನ್ನ ಕಡೆ ನೋಡಿದ.

"ಇವತ್ತ ಯಾರ ಮಾಡ್ಯಾರ್ರೀ ಇದನ್ನ?"

"ಯಾಕೆ?"

"ಉಪ್ಪ ಕಮ್ಮಿ ಆಗೈತಿ. ಶೇಂಗಾ ಸೈತ ಹೊತ್ತಾವು. ಹಿಂಗ್ ಮಾಡಿದ್ರ ಗಿರಾಕಿ ಬರ್ತಾವೇನ್ರೀ?"

ನನ್ನ ಕಿವಿ ಬಿಸಿಯಾಯಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದವನು ನಾನು, ಬೆರಳು ಸುಟ್ಟುಕೊಂಡವನು ನಾನು, ಎರಡು ಇಡ್ಲಿ ತಿನ್ನುವ ಇವನ ಹತ್ತಿರ ಮಾತು ಕೇಳಬೇಕೇ? ಆಚೆ ಮಾವ ಬೈರಾಸಿನಲ್ಲಿ ಬಾಯಿ ಮುಚ್ಚಿಕೊಂಡು ಒಂದೇ ಟೇಬಲನ್ನು ಮತ್ತೆ ಮತ್ತೆ ಒರೆಸುತ್ತಿದ್ದರು.

"ನಾಳೆ ಸರಿ ಮಾಡ್ತೇನೆ" ಎಂದೆ.

"ಮಾಡ್ರಿ ಮತ್ತ" ಎಂದ ಅವನು, ಮತ್ತೆ ತಟ್ಟೆ ಮುಂದೆ ಚಾಚಿದ. "ಈಗ ಇನ್ನೊಂದೀಟ ಹಾಕ್ರಿ."