ಬಾನುಲಿಯಲ್ಲಿ ಒಂದು ನಿಮಿಷದ ಮೌನ

ನಮ್ಮ ಮೆಲ್ಬರ್ನ್‌ನ ಒಂದು ಪುಟ್ಟ ಕಮ್ಯೂನಿಟಿ ರೇಡಿಯೋದಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಕನ್ನಡ ಕಾರ್ಯಕ್ರಮ ಬರುತ್ತದೆ. ಅದು ನಡೆದುಬಂದ ದಾರಿಯನ್ನು ನೇರ ಪ್ರಸಾರದಲ್ಲಿ ಹೇಳುವ ಹೊಣೆಯನ್ನು ಕನ್ನಡ ಸಂಘದವರು ನನಗೆ ವಹಿಸಿದರು. ಕಾಲೇಜಿನಲ್ಲಿ ಭಾಷಣಕ್ಕೆ ಬಹುಮಾನ ಪಡೆದವನು ನಾನು. ಒಂದು ಗಂಟೆ ಯಾವ ಮಹಾ!

ಆಮೇಲೆ ತಿಳಿಯಿತು, ಆ ದಿನ ಸ್ಟೇಷನ್ ಮ್ಯಾನೇಜರ್ ಹೆಲೆನ್ ಕೂತು ಕೇಳುತ್ತಾರಂತೆ. ಅವರಿಗೆ ಹಿಡಿಸದಿದ್ದರೆ ನಮ್ಮ ಗಂಟೆ ಬೇರೆಯವರ ಪಾಲು! ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷದ ಕಾರ್ಯಕ್ರಮ ನನ್ನ ಕೈಯಲ್ಲಿ ಮುಳುಗಿದರೆ ನಾವಿರುವ ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

ಮಾಹಿತಿ ಹುಡುಕಿಕೊಂಡು ಸ್ಟುಡಿಯೋಗೆ ಹೋದೆ. ಹಳೆಯ ಕ್ಯಾಸೆಟ್ಟುಗಳ ಕಪಾಟಿನ ಮೇಲೆ, ಕಾರ್ಯಕ್ರಮ ಶುರು ಮಾಡಿದ ಹುಬ್ಬಳ್ಳಿಯ ಸುಲೋಚನಾ ಆಂಟಿಯ ಫೋಟೋ ಇತ್ತು. ಫೋಟೋಗೆ ಗಂಧದ ಹಾರ! ಕೈಮುಗಿದೆ. ಕಪಾಟಿನಲ್ಲಿದ್ದ ಹಳೆಯ ಕಾಗದಗಳ ಪ್ರಕಾರ, ಆಂಟಿ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿ, ಎರಡು ಟ್ರೇನ್ ಬದಲಿಸಿ ಕ್ಯಾಸೆಟ್ ತಂದುಕೊಡುತ್ತಿದ್ದರಂತೆ. ಅದನ್ನೆಲ್ಲ ಬರೆಯುತ್ತಾ ನನ್ನ ಕಣ್ಣೇ ಒದ್ದೆಯಾಯಿತು.

"ರೀ, ಆಂಟಿ ಯಾವಾಗ ಹೋದ್ರು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಯಾರಿಗಾದ್ರೂ ಫೋನ್ ಮಾಡಿ ಕನ್ಫರ್ಮ್ ಮಾಡ್ಕೊಳ್ಳಿ" ಎಂದಳು ಹೆಂಡತಿ ವೀಣಾ.

"ಹಾರ ಹಾಕಿದ ಫೋಟೋಗೆ ಕನ್ಫರ್ಮೇಶನ್ ಬೇರೆ ಬೇಕಾ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಭಾನುವಾರ ಬಂತು. ಸ್ಟುಡಿಯೋದ ಕೆಂಪು ದೀಪ ಹತ್ತಿತು. ಗಾಜಿನಾಚೆ ಹೆಲೆನ್. ಅತ್ತ ನೋಡದೆ ಹಾಳೆಯಲ್ಲೇ ಮುಖ ಹುದುಗಿಸಿದೆ. ಹೇಗೋ ಹತ್ತು ನಿಮಿಷ ಓದಿ ಮುಗಿಸಿದೆ. ಸಭೆಯ ಸಂಪ್ರದಾಯ ಬಿಡಬಾರದಲ್ಲ! "ದಿವಂಗತ ಸುಲೋಚನಾ ಅವರ ಆತ್ಮಕ್ಕೆ ಶಾಂತಿ ಕೋರಿ ಈಗ ಒಂದು ನಿಮಿಷದ ಮೌನಾಚರಣೆ" ಎಂದು ಘೋಷಿಸಿ, ಎದ್ದು ನಿಂತು, ತಲೆ ತಗ್ಗಿಸಿ ಕಣ್ಣು ಮುಚ್ಚಿದೆ.

ರೇಡಿಯೋದಲ್ಲಿ ಮೌನ!

ಸದ್ದು ನಿಂತರೆ ಪ್ರಸಾರ ಕೆಟ್ಟಿದೆಯೆಂದು ತಿಳಿಯುವ ಯಂತ್ರವೊಂದು ಅಲ್ಲಿದೆಯಂತೆ. ಅರ್ಧ ನಿಮಿಷಕ್ಕೇ ಅದು ಎಚ್ಚೆತ್ತು ತನ್ನಷ್ಟಕ್ಕೆ ಡಿಸ್ಕೋ ಹಾಕಿತು. ಶ್ರದ್ಧಾಂಜಲಿಗೆ ಢಂ ಢಂ! ಹೆಲೆನ್ ಓಡಿಬಂದು, ನನ್ನ ಭಂಗಿ ನೋಡಿ ಗಾಬರಿಯಾಗಿ, ಆಂಬುಲೆನ್ಸ್ ಕರೆಯಲಾ ಎಂದು ಕೇಳಿದರು. ಬೇಡವೆಂದು ತಲೆಯಾಡಿಸಿದೆ. ಮಾತಾಡುವಂತಿಲ್ಲ, ಮೌನ ಇನ್ನೂ ಮುಗಿದಿರಲಿಲ್ಲ!

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹೆಲೆನ್ ಡಿಸ್ಕೋ ನಿಲ್ಲಿಸಿ, ಯಾರಾದರೂ ಮಾತಾಡಿದರೆ ಸಾಕೆಂದು ಆ ಕರೆಯನ್ನೇ ನೇರ ಪ್ರಸಾರಕ್ಕೆ ಹಾಕಿದರು.

"ಸಿಡ್ನಿಯಿಂದ ಸುಲೋಚನಾ ಮಾತಾಡ್ಲಿಕತ್ತೇನಿ. ನಾರ್ವೆಸ್ಟ್ ಹತ್ರ ಮಗಳ ಮನ್ಯಾಗ ಚಹಾ ಕುಡಕೋತ ಇಂಟರ್ನೆಟ್‌ನ್ಯಾಗ ನಿಮ್ಮ ರೇಡಿಯೋ ಕೇಳ್ಲಿಕತ್ತಿದ್ದೆ. ನಾ ಯಾವಾಗ ಸತ್ತೆನಪಾ?"

ಭೂಮಿ ಬಾಯಿಬಿಡಬಾರದೇ ಎನಿಸಿತು. "ಆಂಟಿ... ಅದು... ಫೋಟೋಗೆ ಹಾರ..."

"ಅದು ಸಿಡ್ನಿಗೆ ಬರೋ ಮುಂದ ನನಗ ಸನ್ಮಾನ ಮಾಡಿ ಹಾಕಿದ ಹಾರ! ಎಲ್ಲಿಡೋದು ತಿಳೀಲಿಲ್ಲ, ಫೋಟೋಕ್ಕ ಸಿಗಿಸಿ ಬಂದೆ. ಇರ್ಲಿ, ನೀ ಸುಮ್ನ ಕೂಡು. ನೀ ಹೇಳಿದ್ರಾಗ ಅರ್ಧಾ ತಪ್ಪದ."

ಉಳಿದ ಹೊತ್ತೆಲ್ಲ ಆಂಟಿಯೇ ಮಾತಾಡಿದರು. ಸತ್ತವರು ಎದ್ದು ಬಂದ ಸುದ್ದಿ ಹಬ್ಬಿ ಕರೆಗಳ ಮಳೆ. ಇಷ್ಟು ಜನ ಕೇಳುತ್ತಾರೆಂದು ಗೊತ್ತೇ ಇರಲಿಲ್ಲ ಎಂದು ಹೆಲೆನ್ ನಮ್ಮ ಗಂಟೆಯನ್ನು ಉಳಿಸಿಕೊಟ್ಟರು, ಒಂದೇ ಒಂದು ಕಂಡೀಷನ್ ಹಾಕಿ.

ಈಗ ಪ್ರತಿ ಭಾನುವಾರ ಆಂಟಿ ಸಿಡ್ನಿಯಿಂದ ಫೋನಿನಲ್ಲಿ ಮಾತಾಡುತ್ತಾರೆ, ಮೈಕಿನ ಮುಂದೆ ವೀಣಾ ಕೂರುತ್ತಾಳೆ. ನಾನು ಅವಳನ್ನು ಡ್ರಾಪ್ ಮಾಡಿ, ಕಾರ್ ಪಾರ್ಕಿನಲ್ಲಿ ಕೂತು ಕೇಳುತ್ತೇನೆ. ನನ್ನನ್ನು ಒಳಗೆ ಬಿಡುವುದಿಲ್ಲ!