ಬಿಷಪ್ಪರ ಏಟಿಗೆ ಒಬ್ಬಳೇ ಸಾಕ್ಷಿ

ಇನ್ನೊಬ್ಬರ ಬದುಕಿನ ತಾರೀಖುಗಳನ್ನು ತಿದ್ದುವವನು ತನ್ನವನ್ನು ಕಟ್ಟಕಡೆಗೆ ನೋಡಿಕೊಳ್ಳುತ್ತಾನೆ ಎಂಬ ಮಾತಿಗೆ ನಾನೇ ಆಧಾರಗ್ರಂಥ. ಇತಿಹಾಸ ಸಂಶೋಧನೆಯ ಕೆಲಸದಿಂದ ನಿವೃತ್ತನಾಗಿ ತಿಪಟೂರಿಗೆ ಬಂದ ಮೇಲೂ ನನ್ನ ಚಟ ನಿವೃತ್ತವಾಗಲಿಲ್ಲ. ಮದುವೆಯ ಕರೆಯೋಲೆ ಬಂದರೆ ಮೊದಲು ವಾರಕ್ಕೂ ತಾರೀಖಿಗೂ ತಾಳೆ ನೋಡುತ್ತೇನೆ. ಸಮಾಧಿಯ ಮುಂದೆ ಪ್ರಾರ್ಥನೆಗೆ ನಿಂತರೂ, ಕಲ್ಲಿನ ಮೇಲೆ ಕೆತ್ತಿದ ವಯಸ್ಸು ಸರಿಯೇ ಎಂದು ಪರೀಕ್ಷಿಸಿದ ಬಳಿಕವೇ ಕಣ್ಣು ಮುಚ್ಚುವುದು. "ಇವ್ರನ್ನ ಮಾತಾಡ್ಸೋಕ್ ಬರೋರು ಬರ್ತ್ ಸರ್ಟಿಫಿಕೇಟ್ ತರ್ಬೇಕು ಕಣ್ರೀ" ಎಂದು ನನ್ನ ಹೆಂಡತಿ ನೆಂಟರೆದುರಿಗೇ ಹೇಳುತ್ತಾಳೆ.

ಇಂಥವನನ್ನು ಮೊಮ್ಮಗಳು ಶೀಬಾ ತನ್ನ ದೃಢೀಕರಣ ಸಂಸ್ಕಾರದಲ್ಲಿ ಜ್ಞಾನತಂದೆಯಾಗಿ, ಅಂದರೆ ಅವಳ ವಿಶ್ವಾಸಕ್ಕೆ ಹೊಣೆಯಾಗುವ ಹಿರಿಯನಾಗಿ, ನಿಲ್ಲಲು ಕೇಳಿದಳು. ಕ್ರೈಸ್ತರಾಗಿ ಸೇರಿಸಿಕೊಳ್ಳುವ ಜ್ಞಾನಸ್ನಾನದ ಹೊತ್ತಿಗೆ ನಾವು ಕೈಕೂಸುಗಳು. 'ವಿಶ್ವಾಸಿಸುತ್ತೇವೆ' ಎಂಬ ಮಾತನ್ನು ನಮ್ಮ ಪರವಾಗಿ ಹಿರಿಯರು ಆಡಿರುತ್ತಾರೆ. ಬುದ್ಧಿ ಬಂದ ಮೇಲೆ ಅದನ್ನು ಸ್ವಂತ ಬಾಯಿಂದ ಹೇಳಿ, ಬಿಷಪ್ಪರಿಂದ ಹಣೆಗೆ ಪವಿತ್ರ ತೈಲ ಹಚ್ಚಿಸಿಕೊಂಡು, ಪವಿತ್ರಾತ್ಮರ ವರವನ್ನು ಪಡೆಯುವುದೇ ದೃಢೀಕರಣ. ಅದು ಆತ್ಮದ ಮೇಲೆ ಬೀಳುವ ಅಳಿಸಲಾಗದ ಮುದ್ರೆ. ಆದ್ದರಿಂದ ಒಬ್ಬರಿಗೆ ಒಮ್ಮೆ ಮಾತ್ರ. ಇದನ್ನೆಲ್ಲ ಶೀಬಾಳಿಗೆ ವಿವರಿಸುತ್ತಾ, ನನ್ನ ಬಾಲ್ಯದಲ್ಲಿ ಬಿಷಪ್ಪರು ತೈಲ ಹಚ್ಚಿದ ಮೇಲೆ ಕೆನ್ನೆಗೆ ಮೆಲ್ಲನೆ ಒಂದು ಏಟು ಕೊಡುತ್ತಿದ್ದರೆಂದೂ, ವಿಶ್ವಾಸಕ್ಕಾಗಿ ಕಷ್ಟ ಸಹಿಸಲು ಸಿದ್ಧನಾಗು ಎಂಬುದು ಅದರ ಅರ್ಥವೆಂದೂ, ನಾನಂತೂ ರೆಪ್ಪೆ ಮಿಟುಕಿಸದೆ ನಿಂತಿದ್ದೆನೆಂದೂ ಹೇಳಿದೆ.

ತೊಡಕು ಬಂದದ್ದು ನಮ್ಮ ಚರ್ಚಿನ ಫಾದರ್ ಅವರಿಂದ. "ಜ್ಞಾನತಂದೆ ಆಗೋರಿಗೂ ದೃಢೀಕರಣ ಆಗಿರ್ಬೇಕಲ್ವಾ ಸಾರ್, ನಿಮ್ಮ ಸರ್ಟಿಫಿಕೇಟ್ ಒಂದು ತಂದ್ಬಿಡಿ" ಎಂದರು. ನಾನು ಬೆಳೆದ ಊರಿನ ಚರ್ಚಿಗೆ ಬರೆದೆ. ಆ ಕಾಲದ ರಿಜಿಸ್ಟರನ್ನು ಗೆದ್ದಲು ತಿಂದಿದೆ ಎಂಬ ಉತ್ತರ ಬಂತು. ಮುದ್ರೆ ಆತ್ಮದ ಮೇಲಿದ್ದೀತು, ಕಾಗದದ ಮೇಲಿರಲಿಲ್ಲ. ಆಧಾರವಿಲ್ಲದ ಹೇಳಿಕೆಗಳನ್ನು ಜೀವಮಾನವಿಡೀ ಹೊಡೆದುಹಾಕಿದ ನಾನು ಈಗ ಸ್ವತಃ ಅಂಥದೊಂದು ಹೇಳಿಕೆಯಾಗಿ ಕುಳಿತೆ. ಭಾನುವಾರವೇ ಬಿಷಪ್ಪರು ಬರುವವರಿದ್ದರು. "ತಾತ, ನೀವಾಗ್ದಿದ್ರೆ ನಂಗೆ ಬೇರೆ ಯಾರೂ ಬೇಡ" ಎಂದು ಶೀಬಾ ಮುಖ ಊದಿಸಿಕೊಂಡಳು.

"ಕಣ್ಣಾರೆ ಕಂಡೋರು ಒಬ್ರಿದ್ರೂ ಸಾಕು ಸಾರ್, ನಂಬೋ ಅಂಥೋರು" ಎಂದು ಫಾದರ್ ದಾರಿ ತೋರಿಸಿದರು. ಅಂಥವರಲ್ಲಿ ಉಳಿದಿದ್ದವಳು ನನ್ನ ಅಕ್ಕ ಲೂರ್ದಮ್ಮ ಒಬ್ಬಳೇ. ಶೆಟ್ಟಿಕೆರೆಯಲ್ಲಿ ಮಗನ ತೋಟದ ಮನೆಯಲ್ಲಿದ್ದಾಳೆ. ಬಾಯಿಮಾತಿನ ಸಾಕ್ಷ್ಯವನ್ನು ಅಡಿಟಿಪ್ಪಣಿಗೂ ಸೇರಿಸದಿದ್ದವನು ನಾನು. ಆದರೂ ಫಾದರ್ ಅವರನ್ನು ಕರೆದುಕೊಂಡು ಹೋದೆ. ಅಕ್ಕ ಇಬ್ಬರಿಗೂ ಎಳನೀರು ಕೊಟ್ಟು, ಪ್ರಶ್ನೆ ಕೇಳಿದೊಡನೆ ನಕ್ಕುಬಿಟ್ಟಳು.

"ಅದ್ನ ಮರೆಯಾಕಾಯ್ತದಾ ಸ್ವಾಮ್ಯೋರೇ? ಬಿಷಪ್ರು ಕೆನ್ನೆ ಮುಟ್ಟಿದ್ದೇ ತಡ, 'ನಾನೇನ್ ಮಾಡ್ದೆ? ಗಲಾಟೆ ಮಾಡಿದ್ದು ಪಕ್ಕದೋನು!' ಅಂತ ಚರ್ಚಿಗೆಲ್ಲ ಕೇಳಂಗೆ ಕಿರುಚ್ದ ಇವ್ನು. ಬಿಷಪ್ರಿಗೇ ನಗು ತಡೆಯಕ್ಕಾಗ್ನಿಲ್ಲ. ನಮ್ಮವ್ವ ಆಮೇಲೆ ಒಂದು ತಿಂಗ್ಳು ಮುಂದಿನ ಸಾಲಲ್ಲಿ ಕೂರ್ನಿಲ್ಲ."

"ಅಷ್ಟೇನೂ ಜೋರಾಗಿರ್ಲಿಲ್ಲ" ಎಂದು ನಾನು ಗೊಣಗಿದೆ.

"ಹಂಗಾದ್ರೆ ಕಿರುಚಿದ್ದು ನಿಜ, ಅಲ್ವಾ ಸಾರ್?" ಎಂದರು ಫಾದರ್.

ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಫಾದರ್ ನಗುತ್ತಲೇ ಬರೆದುಕೊಂಡು ಅಕ್ಕನ ಸಹಿ ಹಾಕಿಸಿದರು. ಎದೆಯ ಮೇಲಿಂದ ಒಂದು ಮೂಟೆ ಕಾಯಿ ಇಳಿಸಿದಂತಾಯಿತು. 'ಅದು ಯಾವ ತಿಂಗಳು?' ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು, ಎಳನೀರಿನೊಡನೆ ನುಂಗಿಕೊಂಡೆ.

ಭಾನುವಾರ, ಜ್ಞಾನತಂದೆ ನಿಲ್ಲಬೇಕಾದ ಕ್ರಮದಂತೆ, ಶೀಬಾಳ ಭುಜದ ಮೇಲೆ ಬಲಗೈ ಇಟ್ಟು ನಿಂತೆ. ಬಿಷಪ್ಪರು ಅವಳ ಹಣೆಯ ಮೇಲೆ ತೈಲದಿಂದ ಶಿಲುಬೆಯ ಗುರುತೆಳೆದು, 'ಶಾಂತಿ ನಿನ್ನೊಡನಿರಲಿ' ಎಂದರು. ಈಗ ಏಟಿನ ಪದ್ಧತಿ ಇಲ್ಲ. ಶೀಬಾ ಗಟ್ಟಿ ದನಿಯಲ್ಲಿ ಉತ್ತರ ಕೊಟ್ಟಳು. ನನ್ನನ್ನು ಯಾರೂ ಯಾವ ಕಾಗದವನ್ನೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ಅವಳು ಭುಜ ತಿಕ್ಕಿಕೊಳ್ಳುತ್ತಾ, "ಏನ್ ತಾತ, ಹಂಗೆ ಹಿಡ್ಕೊಂಡಿದ್ರಿ! ಬಿಷಪ್ರು ಆಚೆ ಸಾಲಿಗೆ ಹೋದ್ರೂ ಕೈ ಬಿಡ್ಲಿಲ್ಲ" ಎಂದಳು.

"ಯಾವಾಗ ತೆಗೀಬೇಕು ಅಂತ ಎಲ್ಲೂ ಬರ್ದಿಲ್ಲ ಕಣೇ" ಎಂದೆ.