ಕೊರಿಯಾದ ನಮಸ್ಕಾರ, ಸುಳ್ಯದ ಗಿರಾಕಿ

ಅಂಗಡಿಯಲ್ಲಿ ಕೂತವನು ಗಿರಾಕಿಯನ್ನು ಕಂಡ ಕೂಡಲೇ ಹಲ್ಲು ಕಿರಿಯಬಾರದು. ಇದು ಅಪ್ಪನ ಕಾಲದಿಂದ ನಾವು ನಡೆಸಿಕೊಂಡು ಬಂದ ಪದ್ಧತಿ. ಸುಳ್ಯದ ಪೇಟೆಯ ನಮ್ಮ ಜವಳಿ ಅಂಗಡಿಗೆ ಬಂದವರು ಮೊದಲು ಬೆಂಚಿನಲ್ಲಿ ಕೂರಬೇಕು, ಎಲೆಯಡಿಕೆ ಹಾಕಿಕೊಳ್ಳಬೇಕು, ನಾನು ಪತ್ರಿಕೆ ಓದಿ ಮುಗಿಸುವವರೆಗೆ ಕಾಯಬೇಕು. ಆಮೇಲೆ ನಾನು, ಅವರಿಂದ ಏನೋ ದೊಡ್ಡ ಉಪದ್ರವವಾದವನಂತೆ, "ಎಂತ ಬೇಕಿತ್ತು?" ಎನ್ನುತ್ತೇನೆ. ಈ ಗಾಂಭೀರ್ಯವನ್ನು ನಂಬಿಯೇ ಜನ ಬರುತ್ತಿದ್ದರು. ನನ್ನ ಹೆಂಡತಿ ಮಾತ್ರ ಇದನ್ನು ಗಾಂಭೀರ್ಯ ಎನ್ನುವುದಿಲ್ಲ. ಅವಳು ಏನೆನ್ನುತ್ತಾಳೆ ಎಂಬುದು ಇಲ್ಲಿ ಬೇಡ.

ಇಂಥ ಅಂಗಡಿಗೆ ಅವಳ ತಮ್ಮ ಶ್ರೀಧರ ಬಂದು ಸೇರಿಕೊಂಡ. ಸೈನ್ಯದ ಆಸ್ಪತ್ರೆಯ ತಂಡದೊಡನೆ ಕೊರಿಯಾಕ್ಕೆ ಹೋಗಿ ಬಂದವನು. ಯುದ್ಧಕ್ಕೆ ಹೋದವನು ಸ್ವಲ್ಪ ಗಡಸಾಗಿ ಬರಬೇಕಲ್ಲ! ಇವನು ಬಾಗುವುದನ್ನು ಕಲಿತು ಬಂದಿದ್ದ. ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು, ಎದ್ದು ನಿಂತು ಸೊಂಟದಿಂದ ಬಾಗುವುದು; ಬಟ್ಟೆಯನ್ನೂ ಚಿಲ್ಲರೆಯನ್ನೂ ಎರಡು ಕೈಯಲ್ಲಿ ಹಿಡಿದು ಕೊಡುವುದು; ಅಳೆದ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುವುದು. ಕೇಳಿದರೆ, "ಅಲ್ಲಿ ಸಂತೆಯ ಮುದುಕಿಯರೂ ಹೀಗೇ ಮಾಡುದು ಭಾವ. ಅಳತೆಯ ಮೇಲೆ ಒಂದು ಹಿಡಿ ಕೊಡದಿದ್ದರೆ ಅವರಿಗೇ ನಾಚಿಕೆ" ಎಂದ. ಅವರ ನಾಚಿಕೆಗೆ ನನ್ನ ಬಟ್ಟೆ ಯಾಕೆ ಹರಿಯಬೇಕು, ನೀವೇ ಹೇಳಿ!

ಅಷ್ಟರಲ್ಲಿ ಅರಂತೋಡಿನ ಬೆಳ್ಯಪ್ಪ ಗೌಡರು ಮಗಳ ಮದುವೆಯ ಜವಳಿಗೆ ಬಂದರು. ನನ್ನ ಆ ವರ್ಷದ ವ್ಯಾಪಾರವೆಲ್ಲ ಅವರೊಬ್ಬರ ಮೇಲೆಯೇ ನಿಂತಿತ್ತು. ಶ್ರೀಧರ ಬಾಗಿದ. ತಮ್ಮ ಹಿಂದೆ ಯಾರೋ ದೊಡ್ಡವರು ಬಂದರೆಂದು ಗೌಡರು ತಿರುಗಿ ನೋಡಿದರು. ಯಾರೂ ಇಲ್ಲ. ಶ್ರೀಧರ ಧಾರೆ ಸೀರೆಯನ್ನು ಎರಡು ಕೈಯಲ್ಲಿ ಮುಂದೆ ಹಿಡಿದಾಗ ಅವರಿಗೆ ಸಂಶಯ ಗಟ್ಟಿಯಾಯಿತು. ಬೆಳಕಿಗೆ ಹಿಡಿದರು, ಮೂಸಿದರು, ಸೆರಗು ಎಳೆದು ನೋಡಿದರು.

"ಎಂತ ಮಾರಾಯ್ರೆ, ಇದಕ್ಕೆ ಹುಳ ಹಿಡಿದದ್ದು ಉಂಟಾ? ಇಷ್ಟು ಉಪಚಾರ ಯಾಕೆ?" ಎಂದು ಎದ್ದೇಬಿಟ್ಟರು. ಚಪ್ಪಲಿ ಮೆಟ್ಟಿ ಎದುರಿನ ಅಂಗಡಿಯತ್ತ ನೋಡತೊಡಗಿದರು.

ನನ್ನ ಪಿತ್ತ ನೆತ್ತಿಗೇರಿತು. ಇಬ್ಬರಿಗೂ ಸೇರಿಸಿಯೇ ಕೂಗಿದೆ. "ಶ್ರೀಧರ, ನಿನ್ನ ಕೊರಿಯಾವನ್ನು ಗುಂಡ್ಯದ ಘಾಟಿಯಾಚೆ ಬಿಟ್ಟು ಬಾ! ಗೌಡ್ರೇ, ಹುಳ ಹಿಡಿದ ಸೀರೆ ಮಾರುವ ಮನೆತನ ಅಲ್ಲ ನಮ್ಮದು. ಬೇಕಾದರೆ ತಕ್ಕೊಳ್ಳಿ, ಬೇಡದಿದ್ದರೆ ಮಡಚಿಟ್ಟು ಹೋಗಿ!"

ಗೌಡರ ಮುಖ ಅರಳಿತು. "ಹಾಂ, ಈಗ ಧೈರ್ಯ ಬಂತು ನೋಡಿ" ಎಂದು ಚಪ್ಪಲಿ ಬಿಟ್ಟು ಬೆಂಚಿನಲ್ಲಿ ಕೂತು, ಇಡೀ ಮದುವೆಯ ಜವಳಿ ಕಟ್ಟಿಸಿದರು. ನಾನು ಗೆದ್ದವನ ಗತ್ತಿನಲ್ಲಿ ಭಾವಮೈದುನನನ್ನು ನೋಡಿದೆ. ಅವನು ಕಟ್ಟನ್ನು ಆಗಲೂ ಎರಡು ಕೈಯಲ್ಲೇ ಕೊಟ್ಟ.

ಹೊರಡುವಾಗ ಗೌಡರು ಅವನಿಗೆ, "ನೋಡಿ, ಮದುವೆ ದಿನ ನೀವು ಬೇಗ ಬರಬೇಕು. ಚಪ್ಪರದ ಬಾಗಿಲಲ್ಲಿ ನಿಂತು ದಿಬ್ಬಣದವರನ್ನು ಎದುರುಗೊಳ್ಳಲಿಕ್ಕೆ ನಿಮ್ಮಂಥವರೇ ಆಗಬೇಕು" ಎಂದರು.

"ಮತ್ತೆ ನಾನು?" ಎಂದೆ.

"ನೀವೂ ಬನ್ನಿ ಮಾರಾಯ್ರೆ. ಅಡಿಗೆ ಕೊಟ್ಟಿಗೆಗೆ ನಾಯಿ ನುಗ್ಗುದುಂಟು. ಅಲ್ಲಿಗೂ ಒಬ್ಬರು ಬೇಕಲ್ಲ?"

ಸಿಟ್ಟಿನಿಂದಲೇ ಹೋದೆ. ಒಂದೇ ಒಂದು ನಾಯಿಯೂ ಹತ್ತಿರ ಸುಳಿಯಲಿಲ್ಲ.